ಎರಡು ಪಾಳಿಯ ಆಟ

ಲಗ್ಗೆರೆಯ ಒಂದು ಖಾಸಗಿ ಐಟಿಐನಲ್ಲಿ ನಾನು ಡ್ರಾಯಿಂಗ್ ಕಲಿಸುತ್ತಿದ್ದ ದಿನಗಳವು. ಪೀಣ್ಯಕ್ಕೆ ಮೆಟ್ರೋ ಬಂದು ಹೆಚ್ಚು ಕಾಲವಾಗಿರಲಿಲ್ಲ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಕಂಪ್ಯೂಟರ್‌ನಲ್ಲಿ ಏನನ್ನೋ ಹುಡುಕುತ್ತಿದ್ದಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ನೀಲಿ ಅಂಗಿಯ ಪುಟ್ಟ ಸೈನಿಕ, ಅರ್ಧ ತೆರೆದ ಬಾಗಿಲು, ಅದರಾಚೆ ಬರೀ ಕಪ್ಪು. ಹಳೆಯ ಆಟವನ್ನು ಹೊಸ ಕಂಪ್ಯೂಟರ್‌ಗಳಲ್ಲಿ ನಡೆಯುವಂತೆ ಸರಿಪಡಿಸಿ ಮತ್ತೆ ಮಾರಾಟಕ್ಕೆ ಬಿಟ್ಟಿದ್ದೇವೆ ಎಂದು ಕೆಳಗೆ ಬರೆದಿತ್ತು. ಅದರ ಕೆಳಗೆ ಎಲ್ಲೆಲ್ಲಿಯವರೋ ತಮ್ಮ ಸಂತೋಷ ಹಂಚಿಕೊಂಡಿದ್ದರು. ಕಾಲೇಜಿನ ದಿನ ನೆನಪಾಯಿತು ಎಂದು ಒಬ್ಬರು, ಅಣ್ಣನ ಜೊತೆ ಆಡಿದ್ದು ನೆನಪಾಯಿತು ಎಂದು ಇನ್ನೊಬ್ಬರು. ನಾನು ಮಾತ್ರ ಆ ಪುಟ ಮುಚ್ಚಿ ಎದ್ದು ಹೋಗಿ ನೀರು ಕುಡಿದೆ.

ಆ ಆಟವನ್ನು ನಾನು ಆಡಿದ್ದು ಅದಕ್ಕೆ ಹನ್ನೆರಡು ವರ್ಷ ಮೊದಲು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಪಂಪುಗಳೊಳಗೆ ಕೂರುವ, ಗಿಡ್ಡ ಕೊಳವೆಯಂಥ ಉಕ್ಕಿನ ಬುಷ್‌ಗಳನ್ನು ಅಲ್ಲಿ ಗ್ರೈಂಡ್ ಮಾಡುತ್ತಿದ್ದರು. ಅವುಗಳ ಒಳಗಿನ ರಂಧ್ರದ ಅಳತೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಮನೆಯವರ ಜೊತೆ ಆರು ತಿಂಗಳು ಜಗಳವಾಡಿ ಹಿಡಿದ ಕೆಲಸ ಅದು. ನಮ್ಮದು ಅಲ್ಲಿಯದೇ ಹಳ್ಳಿಯ ಹಳೆಯ ಮನೆತನ. ಹೊಲವಿದ್ದ ಕಡೆಯೆಲ್ಲ ಬಾಡಿಗೆ ಮನೆಗಳು ಎದ್ದಿದ್ದವು. "ಬಾಡಿಗೆ ಬತ್ತದಲ್ಲವ್ವ, ಕೂತ್ಕಂಡು ಉಣ್ಣೋಕೇನು? ಎಣ್ಮಗಳು ಕಾರ್ಖಾನೆಗೆ ಓದ್ರೆ ಜನ ಏನಂತಾರೆ?" ಎಂದು ಅಪ್ಪ ದಿನಾ ಹೇಳುತ್ತಿದ್ದರು. ನನ್ನನ್ನು ಬಿಡಿಸಲು ಒಂದು ನೆಪ ಸಿಕ್ಕರೆ ಸಾಕಾಗಿತ್ತು ಅವರಿಗೆ.

ಬೆಳಗ್ಗೆ ಆರರಿಂದ ಎರಡರವರೆಗೆ ನನ್ನ ಪಾಳಿ. ಎರಡರಿಂದ ರಾತ್ರಿಯವರೆಗಿನ ಪಾಳಿಗೆ ನನ್ನ ಜಾಗದಲ್ಲಿ ಇನ್ನೊಬ್ಬರು ಬರುತ್ತಿದ್ದರು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು, ಆಗಷ್ಟೇ ಮದುವೆಯಾಗಿತ್ತು. ತೆಳ್ಳಗಿನ ಮನುಷ್ಯ, ಕೈ ಮಾತ್ರ ಬಹಳ ನಿಧಾನ, ಬಹಳ ಖಚಿತ. ಅವರು ಮೈಕ್ರೋಮೀಟರ್ ತಿರುಗಿಸುವುದನ್ನು ನೋಡಿಯೇ ನಾನು ಕೆಲಸ ಕಲಿತದ್ದು. ದಿನಕ್ಕೆ ಹದಿನೈದು ನಿಮಿಷ ಮಾತ್ರ ನಾವಿಬ್ಬರೂ ಒಟ್ಟಿಗೆ ಇರುತ್ತಿದ್ದುದು, ಪಾಳಿ ಬದಲಾಗುವ ಹೊತ್ತಿನಲ್ಲಿ.

ಅಳತೆಯ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ವರದಿ ಟೈಪ್ ಮಾಡಲಿಕ್ಕೆಂದು. ಅದಕ್ಕೆ ಈ ಆಟದ ಸಿ.ಡಿ. ತಂದು ಹಾಕಿದವರು ಅವರು. ನನಗೆ ತೋರಿಸಿದಾಗ ಸ್ವಲ್ಪ ನಾಚಿಕೊಂಡರು.

"ಮೇಡಂ, ಇದರಲ್ಲಿ ಬೇಗ ಬೇಗ ಬಟನ್ ಒತ್ತೋ ಹಂಗಿಲ್ಲ. ನಮ್ಮ ಸರದಿ ಬಂದಾಗ ಎಷ್ಟೊತ್ತು ಬೇಕಾದ್ರೂ ಯೋಚನೆ ಮಾಡ್ಬಹುದು. ನಾವು ಮುಗೀತು ಅನ್ನೋವರ್ಗೂ ಶತ್ರು ಕದಲೋದೇ ಇಲ್ಲ."

ಎಂಟು ಸೈನಿಕರು. ಒಬ್ಬೊಬ್ಬರಿಗೂ ಒಂದು ಸರದಿಗೆ ಇಷ್ಟೇ ಹೆಜ್ಜೆ ಎಂಬ ಲೆಕ್ಕ. ಅಷ್ಟರಲ್ಲಿ ನಡೆಯಬೇಕು, ಬಗ್ಗಬೇಕು, ಗುಂಡು ಹಾರಿಸಬೇಕು. ನೋಡದ ಜಾಗವೆಲ್ಲ ಕಪ್ಪಾಗಿರುತ್ತದೆ. ಸತ್ತವನು ಸತ್ತನೇ, ಮತ್ತೆ ಬರುವುದಿಲ್ಲ. ಸೈನಿಕರಿಗೆ ಹೆಸರಿಡಬಹುದಿತ್ತು. ನಾವು ಅಳತೆಯ ಉಪಕರಣಗಳ ಹೆಸರನ್ನೇ ಇಟ್ಟೆವು. ವರ್ನಿಯರ್, ಸ್ಲಿಪ್, ಪ್ಲಗ್, ಡಯಲ್. ಡಯಲ್ ಎಲ್ಲರಿಗಿಂತ ಒಳ್ಳೆಯ ಗುರಿಕಾರ.

ಊಟದ ಬಿಡುವಿನಲ್ಲಿ ನಾನು ಒಂದೆರಡು ಸರದಿ ಆಡುತ್ತಿದ್ದೆ. ಆಮೇಲೆ ಸಂಜೆ ಟೀ ಹೊತ್ತಿನಲ್ಲಿ ಅದೇ ಆಟವನ್ನು ಅವರು ಮುಂದುವರಿಸುತ್ತಿದ್ದರು. ಅಳತೆಯ ಗೇಜ್‌ಗಳನ್ನಿಡುವ ಪೆಟ್ಟಿಗೆಯಲ್ಲಿ ಒಬ್ಬರಿಗೊಬ್ಬರು ಚೀಟಿ ಬಿಡುತ್ತಿದ್ದೆವು. 'ಗೋಡೌನಿನ ಹಿಂದೆ ಇಬ್ಬರಿದ್ದಾರೆ, ಓಡಬೇಡಿ.' 'ಪ್ಲಗ್‌ಗೆ ಏಟಾಗಿದೆ, ಹಿಂದೆ ಇರಲಿ.' ಬೆಳಗ್ಗೆ ಐದೂವರೆಗೆ ಕತ್ತಲಲ್ಲಿ ಕಾರ್ಖಾನೆಗೆ ನಡೆಯುವಾಗ, ನಿನ್ನೆ ಸಂಜೆ ಅವರು ಏನು ಮಾಡಿರಬಹುದು ಎಂಬ ಕುತೂಹಲವೇ ನನ್ನನ್ನು ಬೇಗ ಬೇಗ ನಡೆಸುತ್ತಿತ್ತು. ಬೇರೆ ಯಾವ ಭಾವನೆಯೂ ನಮ್ಮ ನಡುವೆ ಇರಲಿಲ್ಲ. ಆದರೆ ಹಾಗೆಂದು ಹೇಳಿದರೆ ನಮ್ಮ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಒಂದು ದಿನ ಬಂದು ನೋಡಿದರೆ ಡಯಲ್ ಒಬ್ಬನೇ ಒಂದು ಕಟ್ಟಡದ ಮಹಡಿಯಲ್ಲಿ ಸಿಕ್ಕಿಕೊಂಡಿದ್ದ. ಕೆಳಗೆ ಮೂವರು ಶತ್ರುಗಳು. ಚೀಟಿಯಲ್ಲಿ 'ನನ್ನ ತಪ್ಪು. ಹೇಗಾದರೂ ಡಯಲ್‌ನ ಉಳಿಸಿ' ಎಂದಿತ್ತು. ಊಟದವರೆಗೆ ಕಾಯಲಾಗಲಿಲ್ಲ. ಒಂಬತ್ತು ಗಂಟೆಗೇ ಕೂತೆ. ಒಂದೊಂದು ಹೆಜ್ಜೆಗೂ ಹತ್ತು ನಿಮಿಷ ಯೋಚಿಸುತ್ತಿದ್ದೆ. ಗ್ರೈಂಡಿಂಗ್ ಆಪರೇಟರ್ ಬುಷ್‌ಗಳ ಟ್ರೇ ತಂದಾಗಲೆಲ್ಲ, "ಇಟ್ಟೋಗಣ್ಣ, ನೋಡ್ತೀನಿ" ಎಂದೆ. ಐದು ಟ್ರೇ ಸೇರಿದವು. ಹನ್ನೊಂದರ ಹೊತ್ತಿಗೆ ಲಾರಿಗೆ ತುಂಬಲು ಕೇಳಿದರು. ಮೊದಲ ಟ್ರೇಯಲ್ಲಿ ಎರಡು ಬುಷ್ ಅಳೆದೆ. ಸರಿಯಿದ್ದವು. ಉಳಿದದ್ದನ್ನು ಅಳೆಯಲೇ ಇಲ್ಲ. ರಂಧ್ರದ ಅಳತೆ ಎಷ್ಟು ಮೈಕ್ರಾನ್‌ನಿಂದ ಎಷ್ಟು ಮೈಕ್ರಾನ್‌ವರೆಗೆ ಬರುತ್ತದೆ ಎಂಬುದು ದಿನಾ ಬರೆದು ಕೈಗೆ ಅಭ್ಯಾಸವಾಗಿತ್ತು. ನಂಬುವಂಥ ಅಂಕಿಗಳನ್ನು ಸಾಲಾಗಿ ಬರೆದು, ಟ್ರೇಗಳ ಚೀಟಿಗೆ ಸಹಿ ಹಾಕಿ ಕಳಿಸಿಬಿಟ್ಟೆ.

ಡಯಲ್ ಬದುಕಿದ. ಎರಡು ಗಂಟೆಗೆ ಹೇಳಿದಾಗ ಅವರು ಬಾಗಿಲಲ್ಲೇ ಕೈ ತಟ್ಟಿ ನಕ್ಕರು. "ಸಕ್ಕತ್ ಮೇಡಂ! ನಾನು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ." ಆ ಮಧ್ಯಾಹ್ನ ಅವರ ಪಾಳಿಯಲ್ಲೂ ಅದೇ ಆರ್ಡರ್‌ನ ಐದು ಟ್ರೇ ಬಂದವು. ಅವರು ಒಂದೊಂದನ್ನೂ ಅಳೆದು ಕಳಿಸಿದರು.

ಎರಡು ವಾರದ ನಂತರ ಮಾಲು ವಾಪಸ್ ಬಂತು. ನಾಲ್ಕು ಟ್ರೇಯಷ್ಟು ಬುಷ್‌ಗಳ ರಂಧ್ರ ಸಣ್ಣದಾಗಿತ್ತು. ಗ್ರೈಂಡಿಂಗ್ ಚಕ್ರ ಸವೆದಿದ್ದನ್ನು, ಪಾಳಿ ಬದಲಾದಾಗ ಹೊಸದು ಹಾಕುವವರೆಗೆ, ಯಾರೂ ಗಮನಿಸಿರಲಿಲ್ಲ. ನಾನು ಅಳೆದಿದ್ದರೆ ಎರಡನೇ ಟ್ರೇಯಲ್ಲೇ ಗೊತ್ತಾಗುತ್ತಿತ್ತು. ಬೆಳಗಿನ ಪಾಳಿಯಲ್ಲಿ ವಾಪಸ್ ಬಂದ ಡಬ್ಬಗಳನ್ನು ಮೊದಲು ಬಿಚ್ಚಿದವಳು ನಾನೇ. ಟ್ರೇಗಳ ಹೆಚ್ಚಿನ ಚೀಟಿಗಳು ದಾರಿಯಲ್ಲಿ ಉದುರಿಹೋಗಿದ್ದವು. ಎರಡು ಮಾತ್ರ ಉಳಿದಿದ್ದವು. ಎರಡರಲ್ಲೂ ನನ್ನ ಸಹಿ. ಯೋಚಿಸಲೂ ಇಲ್ಲ. ಕಿತ್ತು ಕೆಲಸದ ಕೋಟಿನ ಜೇಬಿಗೆ ಹಾಕಿಕೊಂಡೆ.

ಎರಡು ಗಂಟೆಗೆ ಮ್ಯಾನೇಜರ್ ಇಬ್ಬರನ್ನೂ ಅಳತೆಯ ಕೋಣೆಯಲ್ಲೇ ನಿಲ್ಲಿಸಿಕೊಂಡರು. ವಾಪಸ್ ಬಂದದ್ದು ಯಾರ ಪಾಳಿಯದೆಂದು ಹೇಳುವ ಚೀಟಿ ಇರಲಿಲ್ಲ, ವರದಿಯ ಹಾಳೆಯಲ್ಲಿ ಇಬ್ಬರ ಅಂಕಿಗಳೂ ಚೆನ್ನಾಗಿಯೇ ಇದ್ದವು. ಹಳೆಯ ವರದಿ ನೋಡಬೇಕೆಂದು ಮ್ಯಾನೇಜರ್ ಕಂಪ್ಯೂಟರ್ ಮುಂದೆ ಕೂತರು. ಆಟ ಕಣ್ಣಿಗೆ ಬಿತ್ತು.

"ಇದನ್ನ ಹಾಕಿದ್ಯಾರು?"

"ನಾನು ಸಾರ್," ಎಂದರು ಅವರು.

"ಕೆಲಸದ ಹೊತ್ತಲ್ಲಿ ಆಡ್ತಿದ್ಯಾ?"

"ಟೀ ಬಿಡುವಲ್ಲಿ ಮಾತ್ರ ಸಾರ್."

"ಇವ್ರೂ ಆಡ್ತಾರಾ?"

"ಇಲ್ಲ ಸಾರ್. ಮೇಡಂಗೆ ಇದು ಇರೋದೇ ಗೊತ್ತಿಲ್ಲ."

ನಾನು ತಲೆ ತಗ್ಗಿಸಿಕೊಂಡು ನಿಂತಿದ್ದೆ. ಜೇಬಿನಲ್ಲಿ ಆ ಎರಡು ಚೀಟಿಗಳನ್ನು ಬೆರಳು ಮುಟ್ಟುತ್ತಿತ್ತು. ಮ್ಯಾನೇಜರ್ ನನ್ನತ್ತ ತಿರುಗಿ, "ಏನಮ್ಮ?" ಎಂದರು. "ನಂಗೊತ್ತಿಲ್ಲ ಸಾರ್," ಎಂದೆ. ಎರಡೇ ಪದ. ಅವರನ್ನು ಅವತ್ತೇ ಕೆಲಸದಿಂದ ತೆಗೆದರು. ಊಟದ ಡಬ್ಬಿ ಎತ್ತಿಕೊಂಡು ಹೊರಡುವಾಗ ನನ್ನತ್ತ ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು. ಮನೆಯಲ್ಲಿ ನನಗೆ ತೊಂದರೆಯಾಗದಿರಲಿ ಎಂದು ಅವರು ಹಾಗೆ ಹೇಳಿದ್ದು ನನಗೆ ಗೊತ್ತಿತ್ತು. ಟ್ರೇಗಳ ವಿಷಯ ಅವರಿಗೆ ಗೊತ್ತಿರಲಿಲ್ಲ.

ನಾಲ್ಕು ತಿಂಗಳಲ್ಲಿ ನನ್ನ ಮದುವೆ ಗೊತ್ತಾಯಿತು, ನಾನೂ ಕೆಲಸ ಬಿಟ್ಟೆ. ಆ ಕಾರ್ಖಾನೆ ಆಮೇಲೆ ಮುಚ್ಚಿಹೋಯಿತು. ಅವರ ರೂಮು ಲಗ್ಗೆರೆಯಲ್ಲೇ, ನಮ್ಮ ಮನೆಯಿಂದ ಕಾಲು ಗಂಟೆಯ ದಾರಿಯಲ್ಲಿತ್ತು. ಒಂದು ಸಲವೂ ಹೋಗಲಿಲ್ಲ.

ಚಿತ್ರ ನೋಡಿದ ವಾರವೇ ನಾನು ಆಟ ಕೊಂಡು ಮನೆಯ ಕಂಪ್ಯೂಟರ್‌ಗೆ ಹಾಕಿದೆ. ಬಾಗಿಲು ತೆರೆಯುವ ಸದ್ದು, ಶತ್ರುವಿನ ಸರದಿ ಬಂದಾಗ ಮಂಕಾಗುವ ಪರದೆ, ಎಲ್ಲ ಅದೇ. ಸೈನಿಕರಿಗೆ ಹೆಸರಿಡಿ ಎಂದು ಕೇಳಿದಾಗ ಕೈ ಓಡಲಿಲ್ಲ. ಮೂರು ದಿನ ಹಾಗೆಯೇ ತೆರೆಯುವುದು, ಮುಚ್ಚುವುದು. ನಾಲ್ಕನೆಯ ದಿನ ಪೀಣ್ಯಕ್ಕೆ ಹೋಗಿ, ಬೇರೆ ಶೆಡ್ಡಿನಲ್ಲಿ ಕೆಲಸಕ್ಕಿದ್ದ ನಮ್ಮ ಹಳೆಯ ಗ್ರೈಂಡಿಂಗ್ ಆಪರೇಟರನ್ನು ಹುಡುಕಿ, ನನ್ನ ಜೊತೆಗಿದ್ದವರ ವಿಚಾರ ಕೇಳಿದೆ.

"ಬೊಮ್ಮಸಂದ್ರದಲ್ಲವ್ನೆ ಕಣಮ್ಮ. ಮಾತ್ರೆ ಕಂಪ್ನೀಲಿ ಪ್ಯಾಕಿಂಗ್ ಕೆಲಸ. ಅಳತೆ ಕೆಲಸ ಬಿಟ್ಟೇಬಿಟ್ಟ. ನಾನೇ ಎರಡು ಸಲ ಕರ್ದೆ, ಒಲ್ಲೆ ಅಂದ."

ಎರಡು ಬಸ್ ಬದಲಾಯಿಸಿ ಬೊಮ್ಮಸಂದ್ರಕ್ಕೆ ಹೋದೆ. ಆಟವನ್ನು ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡಿದ್ದೆ. ಗೇಟಿನ ಮುಂದೆ ಪಾಳಿ ಬಿಡುವ ಹೊತ್ತು, ಬೈಕುಗಳ ಹೊಗೆ, ಕಂಪನಿ ಬಸ್ಸುಗಳ ಹಾರ್ನ್. ಅವರು ದಪ್ಪಗಾಗಿದ್ದರು, ಕೂದಲು ಹಣ್ಣಾಗಿತ್ತು. ನನ್ನನ್ನು ಅವರೇ ಮೊದಲು ಗುರುತಿಸಿದರು.

"ಅಯ್ಯೋ ಮೇಡಂ, ನೀವಾ! ಇಷ್ಟು ದೂರ ಬಂದ್ಬಿಟ್ಟಿದೀರಾ?"

ಎದುರಿನ ಅಂಗಡಿಯಲ್ಲಿ ಟೀ ಕೊಡಿಸಿದರು. ಆಟ ಮತ್ತೆ ಬಂದಿದೆ ಎಂದು ಪೆನ್‌ಡ್ರೈವ್ ಕೊಟ್ಟಾಗ ಅವರ ಮುಖ ಅರಳಿತು, ಅದನ್ನು ಜೇಬಿಗಿಟ್ಟುಕೊಂಡರು. ಡಯಲ್, ಪ್ಲಗ್, ಸ್ಲಿಪ್ ಎಲ್ಲರನ್ನೂ ಹೆಸರು ಹಿಡಿದು ಕೇಳಿದರು. "ಕೊನೇವರ್ಗೂ ಆಡೋಕೇ ಆಗ್ಲಿಲ್ಲ ಅಲ್ವಾ," ಎಂದು ನಕ್ಕರು. ಆ ನಗು ನೋಡುತ್ತಾ, ಏನೂ ಹೇಳದೆ ಹೊರಟುಬಿಡೋಣ ಎನ್ನಿಸಿತು. ಅವರೇ ಮುಂದುವರಿಸಿದರು.

"ಆವತ್ತು ನೀವು ಬೇಜಾರು ಮಾಡ್ಕೊಂಡಿರ್ತೀರ. ಬೇಡ ಮೇಡಂ. ತಪ್ಪು ನಂದೇ. ರಂಧ್ರ ಅಳೆಯೋ ಬೋರ್ ಡಯಲ್‌ನ ಮೊದ್ಲು ಸೊನ್ನೆಗೆ ಸೆಟ್ ಮಾಡಿದ್ನೋ ಇಲ್ವೋ, ಇವತ್ತಿಗೂ ನೆನಪಾಗಲ್ಲ. ಮಾಡಿರ್ಲಿಲ್ಲ ಅಂತ ಕಾಣುತ್ತೆ. ಅದಕ್ಕೇ ಆಮೇಲೆ ಗೇಜ್ ಮುಟ್ಟೋಕೆ ಧೈರ್ಯ ಬರ್ಲಿಲ್ಲ."

ಟೀ ಲೋಟ ಕೆಳಗಿಟ್ಟು ಎಲ್ಲ ಹೇಳಿದೆ. ಅಳೆಯದೆ ಬರೆದದ್ದು, ಚೀಟಿ ಕಿತ್ತದ್ದು, ಜೇಬಿನಲ್ಲಿಟ್ಟುಕೊಂಡು ನಿಂತದ್ದು. ಅವರು ತಡೆಯಲಿಲ್ಲ. ಮುಗಿದ ಮೇಲೆ ಕೇಳಿದರು.

"ನನ್ನ ಐದು ಟ್ರೇ ಸರಿಯಿತ್ತಾ?"

"ಸರಿಯಿತ್ತು. ವಾಪಸ್ ಬಂದಿದ್ದೆಲ್ಲ ನಂದೇ."

"ಒಂದೂ ತಪ್ಪಿರ್ಲಿಲ್ವಾ?"

"ಒಂದೂ ಇಲ್ಲ."

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಜೇಬಿನಿಂದ ಪೆನ್‌ಡ್ರೈವ್ ತೆಗೆದು ನನ್ನ ಮುಂದಿಟ್ಟರು.

"ಇದು ನಂಗೆ ಬೇಡ ಮೇಡಂ. ನಿಮ್ಮ ಹೆಸರು ಬರ್ಬಾರ್ದು ಅಂತ ನಿಮಗೋಸ್ಕರ ಸುಳ್ಳು ಹೇಳಿದ್ದು ನಾನೇ, ಅದಕ್ಕೆ ಬೇಜಾರಿಲ್ಲ. ಆದ್ರೆ ಇದನ್ನ ಒಂದು ವಾರ ಬಿಟ್ಟಾದ್ರೂ ಬಂದು ಹೇಳ್ಬಹುದಿತ್ತು. ಲಗ್ಗೆರೇಲೇ ಇದ್ದೆ, ಇನ್ನೂ ಎರಡು ವರ್ಷ ಅಲ್ಲೇ ಇದ್ದೆ." ಎದ್ದು ನಿಂತು ಮತ್ತೆ ಹೇಳಿದರು. "ಭಾನುವಾರ ಮನೆಗೆ ಬನ್ನಿ. ಈಗ ಹೇಳಿದ್ದನ್ನೇ ನನ್ನ ಹೆಂಡ್ತಿ ಮುಂದೆ ಹೇಳಿ."

ಭಾನುವಾರ ಹೋದೆ. ಎರಡು ಕೋಣೆಯ ಮನೆ. ಅವರು ಕುರ್ಚಿ ತೋರಿಸಿ ಗೋಡೆಗೊರಗಿ ನಿಂತರು. ಅವರ ಹೆಂಡತಿ ಕಾಫಿ ತಂದಿಟ್ಟು ಎದುರು ಕೂತರು. ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಲಿಲ್ಲ. ಆಕೆ ಗಂಡನತ್ತ ನೋಡಿದರು, ಆಮೇಲೆ ನನ್ನತ್ತ.

"ಇವ್ರು ಗ್ಯಾಸ್ ಆಫ್ ಮಾಡಿದೀನಾ ಅಂತ ಮೂರು ಸಲ ಎದ್ದೋಗಿ ನೋಡ್ತಾರೆ. ಬೀಗ ಆಕಿ ಬಸ್‌ಸ್ಟಾಪ್‌ಗಂಟ ಓಗಿ ವಾಪಸ್ ಬತ್ತಾರೆ, ಬೀಗ ಎಳ್ದು ನೋಡೋಕೆ. ಮದ್ವೆಯಾದ ಒಸದ್ರಲ್ಲಿ ಇಂಗಿರ್ಲಿಲ್ಲ. ನೀವು ಆಟ ಆಡ್ಕಂಡು ಕೆಲಸ ಕಳ್ಕಂಡ್ರಿ ಅಂತ ಇವ್ರನ್ನ ನಾನೂ ಎಷ್ಟು ಸಲ ಆಡ್ಕಂಡಿದೀನಿ." ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ್ಯಾಕೆ ಏಳಿದ್ರಿ?"

ಆಟ ಮತ್ತೆ ಬಂತು, ಅದಕ್ಕೆ ಎಂದು ಹೇಗೆ ಹೇಳುವುದು? ಬಾರದಿದ್ದರೆ ಹೇಳುತ್ತಲೇ ಇರಲಿಲ್ಲ ಎಂದಾಗುತ್ತದೆ, ಮತ್ತು ಅದು ನಿಜ. "ಮೊದ್ಲೇ ಹೇಳ್ಬೇಕಿತ್ತಮ್ಮ," ಎಂದಷ್ಟೇ ಅಂದೆ. ನಾನು ಎದ್ದಾಗ ಅವರು ಗೋಡೆ ಬಿಟ್ಟು ಒಳಕೋಣೆಗೆ ಹೋದರು. ಆಕೆ ಮಾತ್ರ ಗೇಟಿನವರೆಗೆ ಬಂದರು.

"ಏಳಿದ್ದು ಒಳ್ಳೇದಾಯ್ತು ಅಕ್ಕ. ಆದ್ರೆ ಇನ್ನು ಬರ್ಬೇಡಿ."

ಮನೆಗೆ ಬಂದು ಗಂಡನಿಗೂ ಹೇಳಿದೆ. "ಎಷ್ಟು ಹಳೇ ಕತೆ, ಬಿಡು. ಹೇಳಿ ಆಯ್ತಲ್ಲ," ಎಂದು ಅವರು ಸಮಾಧಾನ ಮಾಡಿದರು. ಸಮಾಧಾನ ಆಗಲಿಲ್ಲ. ಆಟವನ್ನು ಕಂಪ್ಯೂಟರ್‌ನಿಂದ ತೆಗೆದುಹಾಕಿದೆ. ಐಟಿಐನಲ್ಲಿ ಮಕ್ಕಳಿಗೆ ಅಳತೆ ಬರೆಯಿಸುವಾಗಲೆಲ್ಲ, ಎಷ್ಟೋ ದಿನ, 'ಒಂದೂ ತಪ್ಪಿರ್ಲಿಲ್ವಾ?' ಎಂಬ ಅವರ ಪ್ರಶ್ನೆ ಕಿವಿಯಲ್ಲಿ ಕೇಳಿಸುತ್ತಿತ್ತು.

ಏಳೆಂಟು ತಿಂಗಳು ಕಳೆದ ಮೇಲೆ ಮೆಟ್ರೋ ಸ್ಟೇಷನ್ ಕೆಳಗೆ ಗ್ರೈಂಡಿಂಗ್ ಆಪರೇಟರ್ ಸಿಕ್ಕರು. ನಾನು ಕೇಳುವ ಮೊದಲೇ ಶುರು ಮಾಡಿದರು.

"ಏನು ಗಾಳಿ ಬೀಸ್ತೋ ಕಣಮ್ಮ, ಇಷ್ಟು ವರ್ಷ ಒಲ್ಲೆ ಅಂತಿದ್ದೋನು, ಅಳತೆ ಕೆಲಸ ಬೇಕು ಅಂತ ಜಿಗಣಿ ಕಡೆ ಎರಡು ಮೂರು ಫ್ಯಾಕ್ಟರಿ ಸುತ್ತಿದ್ನಂತೆ. ನನ್ನನ್ನೂ ಕೇಳ್ದ."

"ಸಿಕ್ತಾ?" ಎಂದೆ.

"ಎಲ್ಲಿ ಸಿಗ್ತದೆ? ಈಗೆಲ್ಲ ಒಸ ಮಿಷನ್ನು, ವಯಸ್ಸೂ ಆಯ್ತು. ಎಲ್ಲಾ ಕಡೆ ಇಲ್ಲ ಅಂದವ್ರೆ."