ಟೈ ಮೇಷ್ಟ್ರ ಅಂತರರಾಷ್ಟ್ರೀಯ ಡಿಪ್ಲೊಮಾ

ಶಾಲೆ ಶುರುವಾಗುವ ವಾರ ಚಿಂತಾಮಣಿಯ ಯೂನಿಫಾರ್ಮ್ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ತಮ್ಮನ ಮಗಳಿಗೆ ಸಾಕ್ಸ್ ತರಲು ಹೋಗಿದ್ದೆ. ಅಂಗಡಿಯ ಬಾಗಿಲಿಗೆ ಕಟ್ಟಿದ ಹಗ್ಗದ ಮೇಲೆ ಮಕ್ಕಳ ಟೈಗಳು ಸಾಲಾಗಿ ನೇತಾಡುತ್ತಿದ್ದವು. ಗಂಟು ಮೊದಲೇ ಹಾಕಿ, ಹಿಂದೆ ಎಲಾಸ್ಟಿಕ್ ಹೊಲಿದ ಟೈಗಳು. ತಲೆಯ ಮೇಲಿಂದ ಎಳೆದು ಕತ್ತಿಗೆ ಬಿಟ್ಟುಕೊಂಡರೆ ಮುಗಿಯಿತು. ಅವುಗಳಲ್ಲಿ ಒಂದು ಕುಂಕುಮದ ಬಣ್ಣದ್ದು, ಹಳದಿ ಗೆರೆಗಳದ್ದು... ಅದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಅಂಗಡಿಯವನು "ಏನಕ್ಕಾ?" ಎಂದ. ಏನಿಲ್ಲ ಎಂದೆ. ನಮ್ಮ ಹೆಡ್ ಮೇಷ್ಟ್ರು ಇಂಥದ್ದೇ ಟೈ ಕಟ್ಟುತ್ತಿದ್ದರು ಎಂದಿದ್ದರೆ ಅವನು ನಂಬುತ್ತಿರಲಿಲ್ಲ.

ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ ಗಂಡಸು ಏಳನೇ ಕ್ಲಾಸಿನ ಹುಡುಗರ ಟೈ ಹಾಕಿಕೊಂಡರೆ ಹೇಗಿರುತ್ತದೆ ಎಂದು ನೀವೇ ಯೋಚಿಸಿ. ಅದು ಎದೆಯ ಅರ್ಧಕ್ಕೇ ಬಂದು ನಿಲ್ಲುತ್ತಿತ್ತು. ಅದರ ಕೆಳಗೆ ಹೊಟ್ಟೆ, ಹೊಟ್ಟೆಯ ಕೆಳಗೆ ಬೆಲ್ಟು. ಅದುವರೆಗೆ ಅವರೂ ಎಲ್ಲರ ಹಾಗೆ ಅರ್ಧ ತೋಳಿನ ಅಂಗಿ ಹಾಕಿಕೊಂಡು, ವಾರಕ್ಕೊಮ್ಮೆ ಗಡ್ಡ ಕೆರೆಸಿಕೊಂಡು ಇದ್ದವರೇ. ಡಿಪ್ಲೊಮಾ ಬಂತು ನೋಡಿ, ಟೈ ಬಂತು, ಕೈಯಲ್ಲಿ ಫೈಲು ಬಂತು, ಮಾತಿನಲ್ಲಿ ಇಂಗ್ಲಿಷ್ ಬಂತು. ಊರಿನವರು ಟೈ ಮೇಷ್ಟ್ರು ಎಂದು ಕರೆದರು. ಅವರು ಅದನ್ನು ಗೌರವ ಎಂದುಕೊಂಡರು.

ಡಿಪ್ಲೊಮಾ ನಮ್ಮೂರಿಗೆ ಬಂದ ಕತೆಯೂ ಅಷ್ಟೇ ಚೆಂದ. ಬೆಂಗಳೂರಿನ ಯಾವುದೋ ಟ್ರಸ್ಟಿನವರಿಗೆ ಸರ್ಕಾರಿ ಶಾಲೆಯ ಮಕ್ಕಳನ್ನು ಉದ್ಧಾರ ಮಾಡುವ ಹುಕಿ ಬಂದಿತ್ತು. ಹತ್ತನೇ ಕ್ಲಾಸು ಮುಗಿಸಿದವರಿಗೆ ಎರಡು ವರ್ಷದ ಓದು. ಶ್ರೀಮಂತರ ಮಕ್ಕಳು ಲಕ್ಷಗಟ್ಟಲೆ ಸುರಿದು ಓದುವ ಅಂತರರಾಷ್ಟ್ರೀಯ ಡಿಪ್ಲೊಮಾ ನಮಗೆ ಬಿಟ್ಟಿ. ಸುತ್ತಲಿನ ಶಾಲೆಗಳೆಲ್ಲ ಈ ತಲೆನೋವು ಬೇಡವೆಂದು ಕೈ ತೊಳೆದುಕೊಂಡವು. ಜಂಗಮಕೋಟೆಯಿಂದ ಒಳಕ್ಕಿರುವ ನಮ್ಮ ಹಳ್ಳಿಯ ಹೆಡ್ ಮೇಷ್ಟ್ರು ಮಾತ್ರ ಎರಡೂ ಕೈಯಲ್ಲಿ ಬಾಚಿಕೊಂಡರು. ಇದ್ದದ್ದು ಒಂದೇ ಷರತ್ತು. ಮೊದಲ ವರ್ಷದ ಕೊನೆಗೆ ವಿದೇಶದಿಂದ ಒಬ್ಬರು ಬಂದು ನೋಡುತ್ತಾರೆ, ಅವರು ಒಪ್ಪಿದರೆ ಕ್ಲಾಸು ಉಳಿಯುತ್ತದೆ, ಒಪ್ಪದಿದ್ದರೆ ಮುಚ್ಚುತ್ತದೆ.

ಮುಚ್ಚಿದರೆ ಮೇಷ್ಟ್ರಿಗೆ ಹೋಗುವುದು ಟೈ ಒಂದೇ. ನಮಗೆ ಹಾಗಲ್ಲ. ನಾವು ಮತ್ತೆ ಮೊದಲಿನಿಂದ ಪಿಯುಸಿಗೆ ಸೇರಬೇಕು, ಅದಕ್ಕೆ ದಿನಾ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋಗಬೇಕು. ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸುವ ಮನೆಗಳು ಆಗ ನಮ್ಮೂರಲ್ಲಿ ಬೆರಳೆಣಿಕೆಯಷ್ಟು. ನಮ್ಮದು ಅದರಲ್ಲಿ ಇರಲಿಲ್ಲ. ನನಗೆ ಓದು ಅಂದರೆ ಆ ಕ್ಲಾಸು, ಅದು ಹೋದರೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿಕೊಂಡು ಮನೆಯಲ್ಲಿರುವುದು.

ಪೋಷಕರ ಸಭೆಯಲ್ಲಿ ಮೇಷ್ಟ್ರು ಡಿಪ್ಲೊಮಾದ ಲಾಭಗಳ ಬಗ್ಗೆ ಭಾಷಣ ಬಿಗಿದರು. ಹಿಂದೆ ಭೂಗೋಳದ ಚಿತ್ರವಿದ್ದ ದೊಡ್ಡ ಫ್ಲೆಕ್ಸು, ಅದರ ಮೂಲೆಯಲ್ಲಿ ಅವರದೇ ಫೋಟೋ. ನಿಮ್ಮ ಮಕ್ಕಳು ವಿಶ್ವದ ಪ್ರಜೆಗಳಾಗುತ್ತಾರೆ, ಸ್ವತಂತ್ರವಾಗಿ ಯೋಚಿಸುತ್ತಾರೆ, ಜಗತ್ತಿನ ಯಾವ ಮೂಲೆಗೆ ಹೋದರೂ ಇದಕ್ಕೆ ಬೆಲೆ ಇದೆ ಎಂದರು. ಹಿಂದಿನ ಸಾಲಿನಿಂದ ಯಾರೋ ಎದ್ದು, "ಚಿಕ್ಕಬಳ್ಳಾಪುರದಾಗೆ ಐತಾ ಸಾರ್ ಬೆಲೆ?" ಎಂದು ಕೇಳಿದರು. ಸಭೆ ಗೊಳ್ಳೆಂದಿತು. ಮೇಷ್ಟ್ರು ಟೈ ಸರಿಮಾಡಿಕೊಂಡು ಮುಂದಿನ ಲಾಭಕ್ಕೆ ಹೋದರು. ಆ ಪ್ರಶ್ನೆ ಎಷ್ಟು ಸರಿಯಾದದ್ದು ಎಂಬುದು ಮುಂದೆ ನನಗೆ ತಿಳಿಯಿತು. ಡಿಗ್ರಿ ಸೇರಲು ಹೋದಾಗ ಕಾಲೇಜಿನ ಗುಮಾಸ್ತ ನನ್ನ ಡಿಪ್ಲೊಮಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಟೈಪಿಂಗ್ ಪರೀಕ್ಷೆಯದ್ದಾ ಎಂದು ಕೇಳಿದ್ದ.

ಇನ್ನು ಆ ಸ್ವತಂತ್ರ ಯೋಚನೆಯ ಪಾಠ ಹೇಳುತ್ತೇನೆ, ಕೇಳಿ. ಡಿಪ್ಲೊಮಾದಲ್ಲಿ ಒಂದು ವಿಷಯವಿತ್ತು. ನಿನಗೆ ಗೊತ್ತು ಎಂದುಕೊಂಡಿರುವುದು ಹೇಗೆ ಗೊತ್ತಾಯಿತು ಎಂದು ಕೇಳಿಕೊಳ್ಳುವುದೇ ಅದರ ಹೂರಣ. ಒಳ್ಳೆಯ ವಿಷಯ. ಅದನ್ನು ಮೇಷ್ಟ್ರು ಹೇಗೆ ಕಲಿಸಿದರು ಅಂತೀರಿ? ಬೋರ್ಡಿನ ಮೇಲೆ "ನನ್ನ ಸ್ವಂತ ಅಭಿಪ್ರಾಯ" ಎಂದು ಬರೆದು, ಅಡಿಗೆರೆ ಎಳೆದು, ಕೆಳಗೆ ಅಭಿಪ್ರಾಯವನ್ನು ಡಿಕ್ಟೇಟ್ ಮಾಡಿದರು. ನಾವು ಬರೆದುಕೊಂಡೆವು. ಮರುದಿನ ಒಬ್ಬೊಬ್ಬರನ್ನೇ ನಿಲ್ಲಿಸಿ ಒಪ್ಪಿಸಿಕೊಂಡರು. ಸ್ವಂತ ಅಭಿಪ್ರಾಯದಲ್ಲಿ ಒಂದು ಪದ ತಪ್ಪಿದರೂ ಬೆತ್ತದ ರುಚಿ. ಇಡೀ ಕ್ಲಾಸಿಗೆ ಒಂದೇ ಸ್ವಂತ ಅಭಿಪ್ರಾಯ, ಅದೂ ಮೇಷ್ಟ್ರದ್ದು, ಮೇಷ್ಟ್ರಿಗೂ ಅದು ಯಾವುದೋ ಗೈಡಿನಿಂದ ಬಂದದ್ದು.

ಪ್ರತಿಯೊಬ್ಬರೂ ತಮ್ಮದೇ ಪ್ರಶ್ನೆ ಹಿಡಿದು, ತಾವೇ ಪರೀಕ್ಷಿಸಿ, ಒಂದು ದೊಡ್ಡ ಪ್ರಬಂಧ ಬರೆಯಬೇಕು ಎಂಬ ನಿಯಮವೂ ಇತ್ತು. ಮೇಷ್ಟ್ರು ಎಲ್ಲರಿಗೂ ರೇಷ್ಮೆಯ ಮಹತ್ವ ಎಂಬ ವಿಷಯವನ್ನೇ ಹಂಚಿದರು. ನಾನೂ ಸುಮ್ಮನೆ ತಲೆಯಾಡಿಸಿದೆ. ಆದರೆ ನನ್ನೊಳಗೆ ಬೇರೊಂದು ಪ್ರಶ್ನೆ ಬಹಳ ದಿನದಿಂದ ಕೊರೆಯುತ್ತಿತ್ತು.

ನಮ್ಮ ಕಡೆ ಹುಳ ಸಾಕುವ ಮನೆಗಳಲ್ಲಿ ಮುಟ್ಟಾದ ಹೆಂಗಸರು ಹುಳದ ಮನೆಯ ಹೊಸಲು ದಾಟುವಂತಿಲ್ಲ. ನೆರಳು ಬಿದ್ದರೂ ಹುಳ ಸಾಯುತ್ತದೆ ಎಂಬ ಮಾತು. ಹುಳದ ಬೆಳೆ ಕೆಟ್ಟರೆ ಮೊದಲು ಕೇಳುವುದು, ಯಾರು ಒಳಗೆ ಬಂದಿದ್ದರು ಎಂದು. ಸುಣ್ಣ ಹೊಡೆಯಲಿಲ್ಲವೇ, ಸೊಪ್ಪು ಒದ್ದೆಯಿತ್ತೇ ಎಂದು ಯಾರೂ ಕೇಳುವುದಿಲ್ಲ. ಒಂದು ಸಲ ಹುಳ ಮೈ ಒಡೆದು ಹಾಲಿನಂಥ ನೀರು ಸುರಿಸಿ ಸತ್ತಾಗ ನಮ್ಮಜ್ಜಿ ನನ್ನ ಅಮ್ಮನನ್ನು ಬೀದಿಗೆ ಕೇಳುವಂತೆ ಬೈದಿದ್ದರು. ಅಮ್ಮ ಒಳಗೆ ಕಾಲಿಟ್ಟೇ ಇರಲಿಲ್ಲ. ಹಾಗಂತ ಹೇಳಲೂ ಇಲ್ಲ, ಮೂಲೆಯಲ್ಲಿ ಕೂತು ಅತ್ತಳು... ಆ ಅಳು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ.

ಹಾಗಾಗಿ ಒಂದು ಬೆಳೆಯಲ್ಲಿ ನಾನು ಹುಳದ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಒಂದು ಬದಿಯ ತಟ್ಟೆಗಳನ್ನು ನನ್ನವು ಎಂದು ಗುರುತು ಮಾಡಿಕೊಂಡೆ. ಮುಟ್ಟಾದಾಗ ಮನೆಯಲ್ಲಿ ಯಾರಿಗೂ ಹೇಳದೆ ಆ ತಟ್ಟೆಗಳಿಗೆ ನಾನೇ ಸೊಪ್ಪು ಹಾಕಿದೆ, ನಾನೇ ಕಸ ತೆಗೆದೆ. ಇನ್ನೊಂದು ಬದಿಯನ್ನು ಅಮ್ಮ ನೋಡಿಕೊಂಡಳು. ಮುಂದಿನ ಬೆಳೆಯಲ್ಲೂ ಹಾಗೇ ಮಾಡಿದೆ. ಎರಡೂ ಬದಿಯ ಹುಳ ಒಂದೇ ಸಮ ಹಣ್ಣಾದವು, ಒಂದೇ ಸಮ ಗೂಡು ಕಟ್ಟಿದವು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಚುಕಿ ನೋಡಿದ, ನೂಲು ತೆಗೆಯುವ ರೀಲರ್ ಸಾಹೇಬರು ಒಳ್ಳೆಯ ಮಾಲು ಎಂದು ಅಪ್ಪನ ಬೆನ್ನು ತಟ್ಟಿದರಂತೆ. ಹುಳಗಳಿಗೆ ನನ್ನ ಮೈಯ ವಿಚಾರ ಬೇಕಿರಲಿಲ್ಲ, ಸೊಪ್ಪು ಬೇಕಿತ್ತು.

ತಪಾಸಣೆಯ ದಿನ ಬಂತು. ವಿದೇಶದ ಮೇಡಂ ಬಂದರು, ಕಾಟನ್ ಸೀರೆ ಸುತ್ತಿಕೊಂಡು. ಮುಂದಿನ ಕುರ್ಚಿಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಊರಿನ ದೊಡ್ಡ ಹುಳದ ಮನೆ ಅವರದು, ಅಂದಿನ ಊಟವೂ ಅವರದೇ. ಮೇಡಂಗೆ ಕನ್ನಡ ಬಾರದು, ನಮಗೆ ಅವರ ಇಂಗ್ಲಿಷು ಹಿಡಿಯದು. ನಡುವೆ ನಿಂತು ಅತ್ತ ಇತ್ತ ದಾಟಿಸುವವರು ಟೈ ಮೇಷ್ಟ್ರು.

ಮೇಡಂ ಮೊದಲು ಕೇಳಿದ್ದೇ ನಿಮ್ಮ ಸ್ವಂತ ಅಭಿಪ್ರಾಯ ಏನು ಎಂದು. ಇಡೀ ಕ್ಲಾಸು ಎದ್ದು ನಿಂತು ಪ್ರಾರ್ಥನೆ ಹೇಳುವ ರಾಗದಲ್ಲಿ ಒಂದೇ ಉಸಿರಿಗೆ ಒಪ್ಪಿಸಿತು. ಮೇಷ್ಟ್ರು ಹೆಮ್ಮೆಯಿಂದ ಬೀಗಿದರು. ಮೇಡಂ ಮುಖ ಸಪ್ಪಗಾಯಿತು. ಫೈಲು ಮುಚ್ಚಿ ಮೇಷ್ಟ್ರಿಗೆ ಮೆಲ್ಲನೆ ಏನೋ ಅಂದರು. ಮೇಷ್ಟ್ರ ಬೆವರು ಕಂಡೇ ನಮಗೆ ಅರ್ಥವಾಯಿತು, ಕ್ಲಾಸು ಕೈಬಿಟ್ಟು ಹೋಯಿತು ಎಂದು. ಅವರು ನಮ್ಮ ಕಡೆ ತಿರುಗಿ, "ತಮ್ಮದೇ ಪ್ರಶ್ನೆ ಇರೋರು ಒಬ್ರಾದ್ರೂ ಇದ್ದೀರೇನ್ರಮ್ಮಾ?" ಎಂದರು. ಬೇಡುವವರ ಹಾಗಿತ್ತು ಆ ದನಿ.

ನಾನು ಎದ್ದು ಹೇಳಿದೆ. ಮುಟ್ಟು ಎಂಬ ಪದವನ್ನು ನುಂಗದೆ ಹೇಳಿದೆ. ಹುಡುಗರು ಕಿಸಕ್ಕೆಂದರು, ಹುಡುಗಿಯರು ತಲೆ ತಗ್ಗಿಸಿದರು. ಅಧ್ಯಕ್ಷರು ಕಾಲು ಕೆಳಗಿಳಿಸಿ, "ಏಯ್, ಕೂತ್ಕೊಳಮ್ಮ! ನಾಚಿಕೆ ಮಾನ ಏನಾದ್ರೂ ಐತಾ?" ಎಂದು ಗದರಿದರು. ಆಮೇಲೆ ಮೇಷ್ಟ್ರ ಕಡೆ ಬಾಗಿ, "ಮೇಷ್ಟ್ರೇ, ಸೊಪ್ಪಿನ ವಿಚಾರ ಕೇಳಿದ್ಲು ಅಂತ ಏನೋ ಒಂದು ಹೇಳಿ ಮುಗಿಸ್ರಿ. ಆಯಮ್ಮಂಗೇನು ಗೊತ್ತಾಗುತ್ತೆ?" ಎಂದರು.

ಗೊತ್ತಾಗುತ್ತಿರಲಿಲ್ಲ, ನಿಜ. ಸೊಪ್ಪು ಎಂದಿದ್ದರೆ ಅಧ್ಯಕ್ಷರಿಗೂ ಸಂತೋಷ, ಊರಿಗೂ ಸಂತೋಷ, ಊಟವೂ ಸಾಂಗವಾಗಿ ನಡೆಯುತ್ತಿತ್ತು. ಮೇಷ್ಟ್ರು ಅಧ್ಯಕ್ಷರನ್ನು ನೋಡಿದರು, ಮೇಡಂ ಕೈಯಲ್ಲಿದ್ದ ಮುಚ್ಚಿದ ಫೈಲನ್ನು ನೋಡಿದರು. ಟೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಆ ಮನುಷ್ಯ ನಾನು ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿನಲ್ಲಿ, ಗಟ್ಟಿ ದನಿಯಲ್ಲಿ ಹೇಳಿಬಿಟ್ಟರು. ಮೇಡಂ ಪೆನ್ನು ತೆಗೆದರು. ಹೇಗೆ ಪರೀಕ್ಷೆ ಮಾಡಿದೆ, ಎರಡೂ ಬದಿಗೆ ಒಂದೇ ಸೊಪ್ಪೇ ಹಾಕಿದೆಯಾ, ಒಂದೇ ಬೆಳೆಯಲ್ಲಿ ನೋಡಿ ಸುಮ್ಮನಾದೆಯಾ... ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ, ಮೇಷ್ಟ್ರು ಒಂದನ್ನೂ ಬಿಡದೆ ದಾಟಿಸುತ್ತ ಹೋದರು. ಅಧ್ಯಕ್ಷರು ಕುರ್ಚಿ ಒದ್ದು ಎದ್ದು ಹೋದರು.

ಕೊನೆಯಲ್ಲಿ ಮೇಡಂ ಚಪ್ಪಾಳೆ ತಟ್ಟಿದಾಗ ಮೇಷ್ಟ್ರು ಎದೆಯುಬ್ಬಿಸಿ ಒಂದು ಮಾತು ಸೇರಿಸಿದರು. "ಆಲ್ ದಿಸ್, ಅಂಡರ್ ಮೈ ಗೈಡೆನ್ಸ್."

ನನಗೆ ಮೈಯೆಲ್ಲ ಉರಿಯಿತು. ನಾನು ಎದ್ದು ನಿಲ್ಲುವವರೆಗೆ ಅವರಿಗೆ ನನ್ನ ಪ್ರಶ್ನೆಯ ಗಂಧಗಾಳಿಯೂ ಇರಲಿಲ್ಲ.

ಕ್ಲಾಸು ಉಳಿಯಿತು. ಆದರೆ ಮುಂದಿನ ತಿಂಗಳು ಊರಲ್ಲಿ ಕೆಲವರ ಹುಳ ಸತ್ತವು. ಮಳೆಯಲ್ಲಿ ನೆನೆದ ಸೊಪ್ಪು ಹಾಕಿದ್ದರು, ಸತ್ತವು. ಊರಿಗೆ ಕಾರಣ ಮೊದಲೇ ಸಿದ್ಧವಿತ್ತು, ಮುಟ್ಟಾದ ಹುಡುಗಿ ಹುಳ ಮುಟ್ಟಿದ್ದು. ಗಂಡಸರು ಗುಂಪಾಗಿ ಬಂದರು, ನಮ್ಮ ಮನೆಗಲ್ಲ, ಶಾಲೆಗೆ. ಮೇಷ್ಟ್ರೇ ಎಲ್ಲರೆದುರು ಒಪ್ಪಿಕೊಂಡಿದ್ದರಲ್ಲ, ಎಲ್ಲ ತಮ್ಮ ಮಾರ್ಗದರ್ಶನ ಎಂದು! ಹೆಣ್ಣುಮಕ್ಕಳ ತಲೆ ಕೆಡಿಸಿದ ಮೇಷ್ಟ್ರು ನಮಗೆ ಬೇಡ ಎಂದು ಗೇಟಿನ ಹತ್ತಿರ ಕೂಗಾಡಿದರು. ಇಲ್ಲ, ಅದು ಆ ಹುಡುಗಿಯ ಕೆಲಸ, ನನಗೇನೂ ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವರು ಪಾರಾಗುತ್ತಿದ್ದರು. ಹೇಳಲಿಲ್ಲ. ಹೊಗಳಿಕೆ ಕೈತಪ್ಪಿ ಹೋಗುತ್ತದೆ ಎಂಬ ಜಂಬವೋ, ಬೇರೆ ಏನೋ... ನನಗೆ ಈಗಲೂ ಜಂಬ ಎಂದೇ ಅನಿಸುತ್ತದೆ.

ಮನೆಯಲ್ಲಿ ನಾನು ಅಜ್ಜಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಮಾಡಿದ್ದು ನಾನೇ, ಮೇಷ್ಟ್ರಿಗೆ ತಿಳಿದೇ ಇರಲಿಲ್ಲ ಎಂದೆ. ಅಜ್ಜಿ ನಂಬಲಿಲ್ಲ. "ಹೋಗೇ, ನಿಂಗೆಲ್ಲಿಂದ ಬರಬೇಕು ಅಷ್ಟು ಬುದ್ಧಿ! ಆ ಟೈ ಮೇಷ್ಟ್ರದ್ದೇ ಕಿತಾಪತಿ" ಎಂದರು. ಹಾಗೆ ನಾನು ಉಳಿದುಕೊಂಡೆ, ಕ್ಲಾಸು ಮುಗಿಸಿದೆ. ಮೇಷ್ಟ್ರನ್ನು ಗೌರಿಬಿದನೂರಿನ ಕಡೆಯ ಯಾವುದೋ ಶಾಲೆಗೆ ವರ್ಗ ಮಾಡಿಸಿದರು. ಹೋಗುವ ದಿನ ಹಾರವಿಲ್ಲ, ಭಾಷಣವಿಲ್ಲ. ಭಾಷಣ ಅಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಟೈ ಹಾಕಿಕೊಂಡೇ ಬಸ್ಸು ಹತ್ತಿದರು. ನಮ್ಮ ಬ್ಯಾಚಿನ ನಂತರ ಟ್ರಸ್ಟಿನವರೂ ಗಂಟುಮೂಟೆ ಕಟ್ಟಿದರು. ಅವರ ಹುಕಿ ಅಷ್ಟರಲ್ಲಿ ಬೇರೆ ಯಾವುದರ ಮೇಲೋ ಹೋಗಿತ್ತು.

ಮೇಷ್ಟ್ರು ತೀರಿಕೊಂಡ ಸುದ್ದಿ ಹೋದ ವರ್ಷ ಚಿಂತಾಮಣಿಯ ಒಂದು ಮದುವೆಯಲ್ಲಿ, ಊಟಕ್ಕೆ ಕೂತಾಗ, ಪಕ್ಕದವರಿಂದ ಗೊತ್ತಾಯಿತು. ಆ ಕಡೆ ಎಲೆಗೆ ಪಾಯಸ ಬಡಿಸುತ್ತಿದ್ದರು. ಅದೇ ಅಧ್ಯಕ್ಷರು ಎದುರು ಸಾಲಿನಲ್ಲಿ ಕೂತು, ನಮ್ಮೂರ ಶಾಲೆಯಲ್ಲಿ ಆ ಕಾಲಕ್ಕೇ ಇಂಟರ್‌ನ್ಯಾಷನಲ್ ಡಿಪ್ಲೊಮಾ ಇತ್ತು ಎಂದು ಬೀಗರ ಮುಂದೆ ಜಂಬ ಕೊಚ್ಚುತ್ತಿದ್ದರು. ಅವರ ಮುಖಕ್ಕೆ ಉಗುಳಬೇಕು ಅನಿಸಿತು. ಮದುವೆ ಮನೆ, ಸುಮ್ಮನೆ ಎದ್ದು ಕೈ ತೊಳೆದುಕೊಂಡೆ.

ಸಾಕ್ಸ್ ಕೊಂಡು ಊರಿಗೆ ಬಂದಾಗ ಮನೆಯಲ್ಲಿ ಹುಳ ಜೋರಾಗಿ ಮೇಯುತ್ತಿದ್ದವು. ತಮ್ಮನ ಹೆಂಡತಿ ಹೊಟ್ಟೆನೋವೆಂದು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಹುಳದ ಮನೆಯ ಬಾಗಿಲಲ್ಲಿ ಕೂತಿದ್ದಳು. ಮುಟ್ಟಿನ ಮೊದಲ ದಿನ. ಅಜ್ಜಿ ಜಗುಲಿಯಿಂದಲೇ ಕೂಗಿದರು, "ಎದ್ದು ಸೊಪ್ಪು ಹಾಕೇ, ಬಾಡ್ತಾ ಐತೆ. ಎಲ್ರಿಗೂ ಬರೋದೇ ಅದು, ನಿಂಗೊಬ್ಬಳಿಗೇನಲ್ಲ." ಅವಳು ಗೊಣಗುತ್ತ ಒಳಗೆ ಹೋದಳು. ನಾನು ಅಜ್ಜಿಯನ್ನು ಕೇಳಿದೆ, ಮೊದಲು ಒಳಗೆ ಬಿಡುತ್ತಿರಲಿಲ್ಲವಲ್ಲ ಎಂದು. "ಯಾವಾಗ? ನಮ್ಮನೇಲಿ ಅಂಥದ್ದೆಲ್ಲ ಯಾವತ್ತೂ ಇರಲಿಲ್ಲಮ್ಮ" ಎಂದರು, ಕಣ್ಣು ಮಿಟುಕಿಸದೆ.

ಅಮ್ಮ ಅತ್ತಿದ್ದು, ಗೇಟಿನ ಹತ್ತಿರದ ಕೂಗಾಟ, ಎಲ್ಲ ಯಾವತ್ತೂ ಇರಲಿಲ್ಲ. ಹಾಗಾದರೆ ಈ ಬದಲಾವಣೆ ತಂದವರೂ ಯಾರೂ ಇಲ್ಲ. ಆ ಟೈ ಮೇಷ್ಟ್ರು ಬದುಕಿದ್ದು ಈಗ ಈ ಬಾಗಿಲಿಗೆ ಬಂದಿದ್ದರೆ, ಒಳಗೆ ಸೊಪ್ಪು ಹಾಕುತ್ತಿರುವವಳನ್ನು ನೋಡಿ, ಎದೆಯುಬ್ಬಿಸಿ, ಇದೆಲ್ಲ ನನ್ನ ಮಾರ್ಗದರ್ಶನ ಎನ್ನುತ್ತಿದ್ದರು. ಹೌದು ಸಾರ್ ಎನ್ನುತ್ತಿದ್ದೆ.