ಸಾತವ್ವನ ಸಂಜೆ ಸುದ್ದಿ

ಘೋಡಗೇರಿಯ ಮೇಲಿನ ದಿನ್ನೆಯ ಮಡ್ಡಿಯಲ್ಲಿ ಕುರುಬರದೊಂದು ವಸತಿ ಇದೆ. ಮನೆಗಳು ಬೆರಳೆಣಿಕೆಯಷ್ಟು, ನಾಯಿಗಳು ಅದಕ್ಕಿಂತ ಹೆಚ್ಚು. ಆ ವಸತಿಯಲ್ಲಿ ಸಾತವ್ವನಿಗೆ ಗೊತ್ತಿಲ್ಲದ ಸುದ್ದಿ ಒಂದಿದ್ದರೆ ಅದು ಲೋಕದಲ್ಲಿ ಇನ್ನೂ ನಡೆದೇ ಇಲ್ಲ ಅಂತ ತಿಳಿಯಬೇಕಿತ್ತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಹೆಂಗಸು. ಆದರೆ ಹಟ್ಟಿ ಬಳಿದು, ರೊಟ್ಟಿ ಬಡಿದು, ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕೂತಳೆಂದರೆ ದಿಲ್ಲಿಯಿಂದ ಹುಕ್ಕೇರಿ ತನಕ ಒಬ್ಬರನ್ನೂ ಬಿಡುತ್ತಿರಲಿಲ್ಲ.

"ಅದೆಂಥದೋ ಯಂತ್ರ ಬಂದೈತಂತ. ತಾನ ಬರೀತೈತಂತ, ತಾನ ಹಾಡತೈತಂತ," ಅನ್ನುವಳು. "ಹಿಂಡು ಕಾಯತೈತೇನು ಕೇಳ್ರಿ. ತೋಳ ಬಂದ್ರ ಹಾಡಿ ಓಡಸತೈತೇನು?"

ಮೊಬೈಲಿನಲ್ಲಿ ಬರುವ ಧಾರಾವಾಹಿಗಳ ಮೇಲೂ ಅವಳ ತಕರಾರು ಇತ್ತು. ಮೊದಲ ಭಾಗಗಳನ್ನು ಪುಕ್ಕಟೆ ತೋರಿಸಿ, ಸೊಸೆ ವಿಷ ಕುಡಿಯುತ್ತಾಳೋ ಇಲ್ಲವೋ ಅನ್ನುವಾಗ ಕೀಲಿ ಜಡಿದು ರೊಕ್ಕ ಕೇಳುತ್ತಾರೆ. "ರೊಕ್ಕ ಕೊಟ್ಟು ಅಳೂದ್ಯಾಕ? ಪುಕ್ಕಟ ಅಳಾಕ ನಮ್ಮ ಮನ್ಯಾಗೇನ ಕಡಿಮಿ ಐತಿ?" ಅನ್ನುತ್ತಿದ್ದಳು. ಹಾಗಂದವಳೇ ಮರುದಿನ ಪಕ್ಕದ ಹೊಲದ ಯಲ್ಲಪ್ಪನ ಮಗಳ ಫೋನಿನಲ್ಲಿ ಆ ಸೊಸೆಯ ಗತಿ ಏನಾಯಿತೆಂದು ನೋಡಿ ಬರುತ್ತಿದ್ದಳು. ದಿನದ ನೆಟ್ಟು ಉಳಿದರೆ ಮಧ್ಯರಾತ್ರಿಗೆ ಸತ್ತು ಹೋಗುತ್ತದಲ್ಲ, ಅದು ಅವಳಿಗೆ ಹೊಟ್ಟೆ ಉರಿಯುವ ಸಂಗತಿ. ಹಾಲು ಉಳಿದರೆ ಹೆಪ್ಪಾದರೂ ಹಾಕಬಹುದು, ಇದನ್ನೇನು ಮಾಡುವುದು?

ಇದೆಲ್ಲ ಹಗಲಿನ ಹರಟೆ. ಸಂಜೆಯ ಸುದ್ದಿ ಮಾತ್ರ ಬೇರೆ, ಅದು ಗಂಡ ಮಾಯಪ್ಪನ ಪಾಲಿನದು. ಮಳೆಗಾಲದಲ್ಲಿ ಮಡ್ಡಿಯ ಕೆಸರಿಗೆ ಕುರಿಗಳ ಗೊರಸು ಕೊಳೆಯುತ್ತದೆ. ಅದಕ್ಕೆ ಮಾಯಪ್ಪ ವರ್ಷಾ ವರ್ಷಾ ತಮ್ಮ ಕರೆಪ್ಪನನ್ನು ಕರೆದುಕೊಂಡು ಹಿಂಡನ್ನು ಮೂಡಲ ಕಡೆಯ ಒಣ ನೆಲಕ್ಕೆ ಹೊಡೆಯುತ್ತಿದ್ದ. ಘಟಪ್ರಭೆಯ ದಂಡೆ ಹಿಡಿದು, ಗೋಕಾಕ ದಾಟಿ, ಮೂಡಲಗಿ ಸೀಮೆಯಲ್ಲಿ ತಂಗುತ್ತ ತಂಗುತ್ತ ಹೋಗುವುದು. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಸಂಜೆಯಾದರೆ ಸಾತವ್ವ ಅದಕ್ಕೆ ಫೋನ್ ಹಚ್ಚಿ, ಎಲ್ಲಿ ಮಳೆ, ಯಾವ ಊರಲ್ಲಿ ಕುರಿಗೆ ಬೇನೆ ಬಂದಿದೆ, ಹೊಳೆಗೆ ನೀರು ಎಷ್ಟು, ಎಲ್ಲ ಹೇಳಬೇಕು. ಮಾಯಪ್ಪ ಬಿಡಾರ ಕೀಳುವುದೂ ಹೂಡುವುದೂ ಆ ಮಾತಿನ ಮೇಲೆ.

ಹಿಂದೊಮ್ಮೆ ಮಹಾಪೂರ ಬಂದಾಗ ಅವಳು, "ಏಳ್ರಿ ಅಲ್ಲಿಂದ, ಈಗಿಂದೀಗ ಏಳ್ರಿ," ಅಂದಿದ್ದಳು. ಅವನು ಎದ್ದಿದ್ದ. ಬೆಳಗಾಗುವುದರೊಳಗೆ ಆ ಜಾಗದಲ್ಲಿ ಜಾಲಿಗಿಡದ ತುದಿಯಷ್ಟೇ ಕಾಣುತ್ತಿತ್ತಂತೆ. ಅಂದಿನಿಂದ ಅವನು ರೇಡಿಯೋ ನಂಬಲಿಲ್ಲ, ಊರ ಗೌಡರನ್ನು ನಂಬಲಿಲ್ಲ. ಹೆಂಡತಿಯ ಮಾತೊಂದೇ ಅವನಿಗೆ ಖರೆ.

ಇಂಥ ಹೆಂಗಸು ಮೊಬೈಲ್ ಟವರನ್ನು ಯಾಕೆ ಕೀಳಿಸಿದಳು ಅಂತ ನೀವು ಕೇಳಬಹುದು. ಹೇಳುತ್ತೇನೆ, ಹೇಳುವಾಗ ನನಗೂ ಸಿಟ್ಟು ಬರುತ್ತದೆ.

ಟವರ್ ನಿಂತದ್ದು ಯಲ್ಲಪ್ಪನ ಹೊಲದ ಮೂಲೆಯಲ್ಲಿ. ಅದು ಬಂದ ಮೇಲೆ ವಸತಿಯಲ್ಲಿ ಅಡುಗೆಮನೆಯ ಒಲೆಯ ಮುಂದೆ ಕೂತೇ ಸುದ್ದಿ ನೋಡುವಂತಾಯಿತು. ಆದರೆ ಬೇಸಿಗೆಯಲ್ಲಿ ಸಾತವ್ವನ ಗಬ್ಬದ ಕುರಿಗಳು ಒಂದರ ಹಿಂದೊಂದು ಕಂದ ಹಾಕತೊಡಗಿದವು. ತಿಂಗಳು ತುಂಬುವ ಮೊದಲೇ ಬಿದ್ದ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ಹೂಳಿ ಬರುವುದೆಂದರೆ ಕುರಿ ಸಾಕಿದವರಿಗೇ ಗೊತ್ತು ಆ ಸಂಕಟ. ಅದೇ ಹೊತ್ತಿಗೆ ಅವಳ ಫೋನಿಗೆ ಒಂದು ವಿಡಿಯೋ ಬಂತು. ಕೋಟು ತೊಟ್ಟವನೊಬ್ಬ, ಟವರಿನ ಕಿರಣ ಬಿದ್ದರೆ ದನ ಕುರಿ ಕಂದ ಹಾಕುತ್ತವೆ ಅಂತ ಕೈ ಆಡಿಸಿ ಹೇಳುತ್ತಿದ್ದ. ಟವರನ್ನು ಬಯ್ಯುವ ಆ ವಿಡಿಯೋ ಅದೇ ಟವರಿನಿಂದ ಇಳಿದು ಬಂದಿತ್ತು. ಅದು ಯಾರ ತಲೆಗೂ ಹೊಳೆಯಲಿಲ್ಲ.

ಸಾತವ್ವ ಬೀರಪ್ಪನ ಹೆಸರು ಹೇಳಿ ಅಂಗಳದಲ್ಲಿ ಕರಿಕಂಬಳಿ ಹಾಸಿದಳು. ಮೇಲೆ ಭಂಡಾರ ಸುರಿದು, ಎಲ್ಲರಿಗಿಂತ ಮೊದಲು ತಾನೇ ಕೈ ಇಟ್ಟಳು. ಈ ಮಡ್ಡಿಯಲ್ಲಿ ಟವರಿಗೆ ಜಾಗ ಕೊಡುವುದಿಲ್ಲ ಅಂತ ವಸತಿಯ ಮಂದಿ ಒಬ್ಬೊಬ್ಬರಾಗಿ ಆ ಅರಿಸಿನ ಮುಟ್ಟಿದರು. ಯಲ್ಲಪ್ಪ ಮುಖ ಸಣ್ಣದು ಮಾಡಿಕೊಂಡು ಮುಟ್ಟಿದ. ಮಾಯಪ್ಪ ಹೆಂಡತಿಯ ಕಣ್ಣಿಗೆ ಅಂಜಿ ಮುಟ್ಟಿದ. ಕಂಬಳಿಯ ಮೇಲಿನ ಆಣೆ ಸುಮ್ಮನೆ ಬಿಡುವುದಿಲ್ಲ. ಮೊದಲು ಕೈ ಇಟ್ಟವರೇ ಮತ್ತೆ ಕಂಬಳಿ ಹಾಸಿ, ಎಲ್ಲರ ಮುಂದೆ "ತಪ್ಪಾತು" ಅಂದು ಭಂಡಾರ ಹಣೆಗೆ ಹಚ್ಚಿಕೊಳ್ಳಬೇಕು, ಆಗ ಮಾತ್ರ ಉಳಿದವರಿಗೂ ಬಿಡುಗಡೆ. ಈ ಮಂದಿಯ ತಂಟೆ ಯಾರಿಗೆ ಬೇಕು ಅಂತ ಕಂಪನಿಯವರು ಲಾರಿ ತಂದು ಟವರ್ ಬಿಚ್ಚಿಕೊಂಡು ಹೋದರು.

ಟವರ್ ಹೋದ ಮೇಲೂ ಕುರಿಗಳು ಕಂದ ಹಾಕಿದವು. ದನದ ದವಾಖಾನೆಯ ಶಿದ್ರಾಮ ಬಂದು ರಕ್ತ ತೆಗೆದುಕೊಂಡು ಹೋದ. ಮುಂದಿನ ವಾರ ಬಂದವನು ಸಾತವ್ವನನ್ನು ಬದಿಗೆ ಕರೆದು ಹೇಳಿದ, "ಟವರ್ ಏನೂ ಮಾಡಿಲ್ಲ ಯವ್ವಾ. ಸಂತ್ಯಾಗಿಂದ ತಂದೀರಲ್ಲ ಟಗರು, ಅದರ ಬೇನಿ ಇದು. ಮೊದಲ ಅದನ್ನ ಬ್ಯಾರೆ ಕಟ್ಟ್ರಿ."

ಆ ಟಗರನ್ನು ಕೊಂಬಿನ ಚಂದ ನೋಡಿ ಹಟ ಹಿಡಿದು ಕೊಳ್ಳಿಸಿದವಳು ಸಾತವ್ವನೇ.

"ಶಿದ್ರಾಮಣ್ಣ, ಕೈ ಮುಗೀತೇನಿ, ಇದನ್ನ ಯಾರ ಮುಂದೂ ಅನಬ್ಯಾಡ್ರಿ," ಅಂದಳು. ಗಂಡನಿಗೂ ಹೇಳಲಿಲ್ಲ. ಟಗರು ಬೇನೆಯದು, ಹಿಂಡಿನಲ್ಲಿ ಬೇಡ ಅಂತಷ್ಟೇ ಹೇಳಿ ಅದನ್ನು ದೂರ ಕಟ್ಟಿಸಿದಳು. ವಸತಿಯವರೆದುರು ತಪ್ಪಾತು ಅನ್ನುವುದಕ್ಕೆ ಅವಳ ನಾಲಿಗೆ ಏಳಲಿಲ್ಲ. ಲೋಕಕ್ಕೆಲ್ಲ ಬುದ್ಧಿ ಹೇಳಿದ ಬಾಯಿ ಅದು. ಮಾಯಪ್ಪ ಮೂಡಲಿನಿಂದ ತಿರುಗಿ ಬರಲಿ, ಆಮೇಲೆ ನೋಡಿದರಾಯಿತು ಅಂದುಕೊಂಡಳು. ಸೊಕ್ಕು ಅನ್ನಿ, ನಾಚಿಕೆ ಅನ್ನಿ, ಎರಡೂ ಹೌದು.

ಹಿಂಡು ಹೊರಡುವ ದಿನ ಮಾಯಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತು ಕೇಳಿದ, "ಟವರ್ ಹೋತು. ಈಗ ನನಗ ಸುದ್ದಿ ಹೇಳಾವರು ಯಾರು?"

"ಬೀರಪ್ಪನ ಗುಡ್ಡ ಹತ್ತತೇನ್ರಿ. ಅಲ್ಲಿ ಸಿಗ್ನಲ್ ಒಂದ ಕಡ್ಡಿ ಬರತೈತಿ," ಅಂದಳು. "ದಿನಾ ಸಂಜೀಕ ಹಚ್ಚತೇನಿ."

"ನೀ ಹಚ್ಚೂ ತನಕಾ ನಾ ಉಣ್ಣಾಂಗಿಲ್ಲ ನೋಡ ಮತ್ತ," ಅಂದು ನಕ್ಕು ಹೋದ.

ಗುಡ್ಡಕ್ಕೂ ವಸತಿಗೂ ನಡುವೆ ಒಂದು ಹಳ್ಳ. ಒಣಗಿದ್ದಾಗ ಕುರಿಮರಿಯೂ ಜಿಗಿಯುವಂಥ ಹಳ್ಳ. ಸಾತವ್ವ ದಿನವೂ ಅದನ್ನು ದಾಟಿ, ಗುಡ್ಡ ಹತ್ತಿ, ಗುಡಿಯ ಹಿಂದಿನ ಬಂಡೆಗೆ ಬೆನ್ನು ಕೊಟ್ಟು ಮಾತಾಡಿ ಬಂದಳು. ಮಾತು ಮುಗಿದ ಮೇಲೆ ಅಲ್ಲೇ ಸ್ವಲ್ಪ ಧಾರಾವಾಹಿಯನ್ನೂ ನೋಡಿ ಬರುತ್ತಿದ್ದಳು, ಅದನ್ನು ಮುಚ್ಚಿಡುವುದೇಕೆ. ಮಾಯಪ್ಪ ಆಗ ಮೂಡಲಗಿಯ ಕಡೆ ಹೊಳೆದಂಡೆಯ ಹುಲ್ಲುಗಾವಲಿನಲ್ಲಿ ಇಳಿದಿದ್ದ. ಕರೆಪ್ಪನ ಫೋನು ಮಳೆಗೆ ನೆನೆದು ಕೆಟ್ಟಿತ್ತು. ಇದ್ದದ್ದು ಮಾಯಪ್ಪನ ಫೋನೊಂದೇ, ಅದರ ಚಾರ್ಜಿಗೂ ಬಿಸಿಲು ಬೇಕು.

"ಹುಲ್ಲು ಭಾಳ ಚಲೋ ಐತಿ ಇಲ್ಲಿ. ಹೊಳಿ ಹೆಂಗೈತಿ?" ಅಂತ ಒಂದು ಸಂಜೆ ಕೇಳಿದ.

"ತಣ್ಣಗೈತ್ರಿ. ಇನ್ನೂ ಒಂದೆರಡು ದಿನಾ ಅಲ್ಲೇ ಇರ್ರಿ," ಅಂದಳು.

ಆ ರಾತ್ರಿ ಪಡುವಲಿಂದ ಮಳೆ ಎದ್ದಿತು. ಮರುದಿನ ಮಧ್ಯಾಹ್ನ ಯಲ್ಲಪ್ಪ ಘೋಡಗೇರಿಯಿಂದ ನೆನೆದು ತೊಪ್ಪೆಯಾಗಿ ಬಂದು ಬಾಗಿಲಲ್ಲೇ ನಿಂತ. "ಸಾತವ್ವ, ಅಣೆಕಟ್ಟಿನ ಗೇಟ್ ತಗದಾರಂತ. ಮೈಕಿನ್ಯಾಗ ಕೂಗಾಕತ್ತಾರ, ಹೊಳಿದಂಡಿ ಮಂದಿ ಮ್ಯಾಲ ಹೋಗ್ರಿ ಅಂತ. ಮಾಯಪ್ಪ ಎಲ್ಲದಾನ?"

ಅವಳು ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗುಡ್ಡದ ಕಡೆ ಓಡಿದಳು. ಯಲ್ಲಪ್ಪ ಹಿಂದೆ ಓಡಿದ. ಹಳ್ಳ ಹಳ್ಳವಾಗಿ ಉಳಿದಿರಲಿಲ್ಲ. ಕೆಂಪು ನೀರು ಬೇಲಿಯ ಗೂಟಗಳನ್ನೂ ಬುಡಮೇಲಾದ ಬನ್ನಿಗಿಡವನ್ನೂ ಎಳೆದುಕೊಂಡು ಹೋಗುತ್ತಿತ್ತು. ಎದುರಿಗೇ ಗುಡ್ಡ, ಕೂಗಿದರೆ ಕೇಳುವಷ್ಟು ದೂರ. ಸಾತವ್ವ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೇಬಿಟ್ಟಳು. ಸೊಂಟದ ಮಟ ನೀರು ಬಂದಾಗ ಕಾಲು ಜಾರಿತು. ಯಲ್ಲಪ್ಪ ಸೆರಗು ಹಿಡಿದು ದಂಡೆಗೆ ಎಳೆದು ಹಾಕಿದ.

"ಬಿಡ್ರಿ ಕಾಕಾ ನನ್ನ. ಅಲ್ಲೇ ಇರ್ರಿ ಅಂತ ನಾನ ಹೇಳೇನಿ ಅವರಿಗೆ. ನಿನ್ನಿ ನಾನ ಹೇಳೇನಿ."

ಕೆಸರಲ್ಲಿ ಕೂತೇ ಫೋನನ್ನು ತಲೆಯ ಮೇಲೆ ಹಿಡಿದಳು, ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಒಂದು ಕಡ್ಡಿಯೂ ಬರಲಿಲ್ಲ. ಟವರ್ ನಿಂತಿದ್ದ ಸಿಮೆಂಟಿನ ಕಟ್ಟೆ ಆಚೆ ಹೊಲದ ಮೂಲೆಯಲ್ಲಿ ಮಳೆಗೆ ತೊಳೆದು ಬೆಳ್ಳಗೆ ಕಾಣುತ್ತಿತ್ತು. ಯಲ್ಲಪ್ಪನೂ ಅದನ್ನು ನೋಡಿದ, ಏನೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅವನ ಗಾಡಿ ಹತ್ತಿ ಕೆಸರಿನ ದಾರಿಯಲ್ಲಿ ಬಿದ್ದೆದ್ದು ಡಾಂಬರ್ ರಸ್ತೆಗೆ ಬರುವುದರಲ್ಲಿ ಹೊತ್ತು ಮುಳುಗಿತ್ತು. ರಸ್ತೆ ಕೂಡುವಲ್ಲಿ ಫೋನಿಗೆ ಜೀವ ಬಂತು. ಅವಳಿಗೆ ಯಾರು ಯಾರು ಫೋನ್ ಮಾಡಿದ್ದರು ಅಂತ ಕಂಪನಿಯ ಸಂದೇಶಗಳು ಒಂದರ ಮೇಲೊಂದು ಬಿದ್ದವು. ಎಲ್ಲದರಲ್ಲೂ ಮಾಯಪ್ಪನ ನಂಬರು. ಅವನೂ ಮಧ್ಯಾಹ್ನದಿಂದ ಹಚ್ಚೇ ಹಚ್ಚಿದ್ದ.

ಆ ನಂಬರನ್ನೇ ಒತ್ತಿದಳು. ನೀವು ಕರೆ ಮಾಡುತ್ತಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ, ಅಂದಳು ಒಳಗಿನ ಹೆಂಗಸು. ಮತ್ತೆ ಒತ್ತಿದಳು. ಅದೇ ಮಾತು. ಬೇರೆ ದಿನವಾದರೆ ಆ ಹೆಂಗಸಿಗೂ ನಾಲ್ಕು ಮಾತು ಬಯ್ಯುವವಳು ಇವತ್ತು, "ಯವ್ವಾ, ನಿನ್ನ ಕಾಲ ಬೀಳತೇನಿ, ಒಮ್ಮಿ ಹಚ್ಚಿಕೊಡ," ಅಂತ ಬೇಡಿದಳು. ಯಲ್ಲಪ್ಪ ತನ್ನ ಫೋನಿನಿಂದ ಮೂಡಲಗಿ ಕಡೆಯ ಬೀಗರಿಗೆ ಹೇಳಿದ, ಪೊಲೀಸರಿಗೆ ಹೇಳಿದ. ನೋಡುತ್ತೇವೆ ಅಂದರು. ಖುದ್ದು ಹೋಗೋಣವೆಂದರೆ ದಾರಿಯ ಸೇತುವೆ ಆಗಲೇ ಮುಳುಗಿತ್ತು. ಹೊಳೆಯ ಸಪ್ಪಳ ರಸ್ತೆಯ ತನಕ ಕೇಳುತ್ತಿತ್ತು. ತನ್ನೂರ ಮುಂದೆ ಹಾಯುವ ಈ ನೀರೇ ಅವನಿದ್ದಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದೂ ಅವಳು ನಿಂತಲ್ಲೇ ನಿಲ್ಲಬೇಕಾಯಿತು.

ನೀರು ಇಳಿಯುವ ತನಕ ಸುದ್ದಿ ಬರಲಿಲ್ಲ. ಅಷ್ಟರಲ್ಲಿ ಸಾತವ್ವ ಅಂಗಳದಲ್ಲಿ ಕಂಬಳಿ ಹಾಸಿದಳು. ಯಾರೂ ಕೇಳಿರಲಿಲ್ಲ. ಟಗರಿನ ಕಥೆ, ಶಿದ್ರಾಮನ ಬಾಯಿ ಕಟ್ಟಿದ್ದು, ಒಂದನ್ನೂ ಬಿಡದೆ ಹೇಳಿ, "ತಪ್ಪಾತು" ಅಂದು ಭಂಡಾರ ಹಚ್ಚಿಕೊಂಡಳು. ಮಂದಿ ಬಯ್ಯಲಿಲ್ಲ. ಹೊಳೆ ಯಾರ ಮಾತು ಕೇಳುತ್ತದೆ, ನಡುರಾತ್ರಿ ನೀರು ನುಗ್ಗಿದ್ದರೆ ಯಾರೇನು ಮಾಡಲಾದೀತು ಅಂತ ಸಮಾಧಾನ ಹೇಳಿದರು. ಅವಳೂ ಆ ಮಾತನ್ನೇ ಹಿಡಿದುಕೊಂಡಳು. ಅವನಿಗೆ ಏಳಲು ಸಮಯವೇ ಸಿಕ್ಕಿರಲಿಕ್ಕಿಲ್ಲ, ಫೋನ್ ಹತ್ತಿದ್ದರೂ ಏನಾಗುತ್ತಿತ್ತು ಅಂದುಕೊಂಡು ಎರಡು ತುತ್ತು ರೊಟ್ಟಿ ತಿಂದಳು.

ಅವತ್ತೇ ಕರೆಪ್ಪ ಬಂದ. ಟೆಂಪೋದಲ್ಲಿ ಬರೀ ಮರಿಗಳು. ತಾಯಿಗಳನ್ನು ಕಾಣದೆ ಒದರಿ ಒದರಿ ಅವುಗಳ ಗಂಟಲು ಬಿದ್ದಿತ್ತು. ಅವನು ಇಳಿದವನೇ ಅತ್ತಿಗೆಯ ಕಾಲ ಬಳಿ ಕುಸಿದ. ಮಾಯಪ್ಪ ಸಿಕ್ಕಿರಲಿಲ್ಲ, ಅವನ ಕಂಬಳಿ ಸಿಕ್ಕಿತ್ತು.

"ನೀರು ನಿದ್ದಿಗಣ್ಣಾಗ ಬಂತೇನು?" ಅಂತ ಸಾತವ್ವ ಕೇಳಿದಳು. ಹೌದು ಅನ್ನಲಿ ಅಂತಲೇ ಕೇಳಿದಳು.

"ಇಲ್ಲ ವೈನಿ. ಸಂಜೀಕ ಊರ ಮಂದಿ ಬಂದು, ನೀರು ಬರತೈತಿ ಏಳ್ರಿ ಅಂದ್ರು. ನಾ ಮರಿ ಹೊಡಕೊಂಡು ದಿಬ್ಬ ಹತ್ತಿದೆ. ಅಣ್ಣ ಏಳಲಿಲ್ಲ. ನಿನಗ ಹಚ್ಚಿ ಹಚ್ಚಿ ಫೋನಿನ ಚಾರ್ಜ್ ಮುಗದಿತ್ತು. ಊಟಾನೂ ಮಾಡಿರಲಿಲ್ಲ."

"ಯಾಕ ಏಳಲಿಲ್ಲ?"

ಕರೆಪ್ಪ ಮೂಗು ಒರೆಸಿಕೊಂಡ. ಅವನಿಗೆ ಟಗರಿನ ಗುಟ್ಟು, ಹಳ್ಳದ ವಿಷಯ ಏನೂ ಗೊತ್ತಿರಲಿಲ್ಲ. ಅಣ್ಣ ಅಂದದ್ದನ್ನು ಅಂದ ಹಾಗೇ ಹೇಳಿದ.

"'ಕುರಿ ತಮ್ಮ ಬೆಳಿ ಮೇದಾವು ಅಂತ ಈ ಮಂದಿ ನಮ್ಮನ್ನ ಎಬ್ಬಸಾಕ ಏನರೆ ಹೇಳತಾರ. ನೀರು ಮೊದಲ ನಮ್ಮೂರ ಮುಂದ ಹಾಯ್ದು ಬರಬೇಕಲ್ಲೋ ಕರೆಪ್ಪಾ. ಬಂದಿದ್ರ ಸಾತವ್ವ ಹೇಳದ ಬಿಡತಿದ್ಲೇನು?' ಅಂದ, ವೈನಿ. ಅಂದು ಕಂಬಳಿ ಹೊಚ್ಚಿಕೊಂಡು ಮಲಗಿದ."