ನಡುಗುವ ಗೆರೆಯ ಕೆರೆ

ಗುಬ್ಬಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಕೊಡ ಬರೆಯಬೇಕಾದರೆ ಮೊದಲು ನಡುವೆ ಒಂದು ಗೆರೆ, ಆಮೇಲೆ ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಕ್ಕಳ ಹಾಳೆಯ ಮೇಲೆಯೇ ತಿದ್ದಿಬಿಡುತ್ತಿದ್ದೆ. ನಿವೃತ್ತನಾದ ಮೇಲೆ ಬಲಗೈ ನಡುಗತೊಡಗಿತು. ಕಾಫಿ ಲೋಟ ಎತ್ತಿದರೆ ಅರ್ಧ ಪಂಚೆಗೆ. ನಾಚಿಕೆಯಾಗಿ ಪೆನ್ಸಿಲ್ಲು ಮುಟ್ಟುವುದನ್ನೇ ಬಿಟ್ಟೆ.

ಹೋದ ವರ್ಷ ಹಳೆಯ ಶಿಷ್ಯೆಯೊಬ್ಬಳು ಫೋನ್ ಮಾಡಿದಳು. ತುಮಕೂರಿನಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು, ಪೂರ್ತಿ ಕೈಯಲ್ಲೇ ಬರೆದ ಚಿತ್ರಗಳಿಂದ ಸಿನಿಮಾ ಮಾಡುತ್ತಿದ್ದಾಳಂತೆ. "ನೀವೇ ಬೇಕು ಸಾರ್, ಬರ್ಲೇಬೇಕು" ಅಂದಳು. ಕೈಯ ವಿಷಯ ಬಾಯಿಬಿಡದೆ ಒಪ್ಪಿಕೊಂಡೆ.

ಅಲ್ಲಿಗೆ ಹೋದರೆ ತಲೆ ಕೆಟ್ಟುಹೋಯಿತು. ಬೇರೆ ಬೇರೆ ದೇಶಗಳ ಇಂಥವೇ ಸಿನಿಮಾಗಳನ್ನು ತೋರಿಸಿದಳು. ಒಂದರಲ್ಲಿ ಗೆರೆಯೇ ಇಲ್ಲ, ಬರೀ ಬಣ್ಣದ ತೇಪೆ. ಇನ್ನೊಂದು ಇದ್ದಿಲಿನಲ್ಲಿ ಒರೆಸಿದ ಹಾಗೆ. ಮತ್ತೊಂದರಲ್ಲಿ ಬಣ್ಣ ಗೆರೆ ದಾಟಿ ಆಚೆ ಹರಿದಿತ್ತು.

"ಇದು ಮುಗ್ದಿದ್ಯೋ, ಇನ್ನೂ ಬಾಕಿ ಇದ್ಯೋ?" ಎಂದು ಕೇಳಿದೆ.

"ಅದೇ ಅದ್ರ ಸ್ಟೈಲು ಸಾರ್" ಎಂದು ನಕ್ಕಳು. ನನ್ನ ಕ್ಲಾಸಾಗಿದ್ದರೆ ಮೂರಕ್ಕೂ ಸೊನ್ನೆ ಸುತ್ತುತ್ತಿದ್ದೆ!

ಅವಳ ಕಥೆಯಲ್ಲಿ ಮರೆವು ಹತ್ತಿದ ಮುದುಕನೊಬ್ಬ ಕುಣಿಗಲ್ ಕೆರೆ ಏರಿಯ ಮೇಲೆ ನಿಂತು ತನ್ನ ಮನೆ ಹುಡುಕುತ್ತಾನೆ. ಅವನ ಕಣ್ಣಿಗೆ ಕಾಣುವ ಕೆರೆಯನ್ನು ನಾನು ಬರೆಯಬೇಕು. ಒಂದೇ ಕೆರೆ, ಒಂದರ ಹಿಂದೊಂದು ಓಡಿಸಲು ನಲವತ್ತು ಹಾಳೆ. "ನಿಮ್ಗೆ ಹೆಂಗ್ ಬರುತ್ತೋ ಹಂಗೇ ಬರೀರಿ ಸಾರ್" ಅಂದಳು.

ಮನೆಗೆ ಬಂದು ಕಿಟಕಿ ಗಾಜಿಗೆ ಹಾಳೆಯ ಮೇಲೆ ಹಾಳೆ ಅಂಟಿಸಿ, ಮಣಿಕಟ್ಟಿಗೆ ಟವೆಲ್ ಬಿಗಿದು, ಎಡಗೈಯಲ್ಲಿ ಬಲಗೈಯನ್ನು ಅದುಮಿಕೊಂಡು, ಎಲ್ಲೆಲ್ಲಿ ಆಗುತ್ತೋ ಅಲ್ಲೆಲ್ಲ ಸ್ಕೇಲಿಟ್ಟು ಬರೆದೆ. "ಏನ್ರೀ, ಊಟ ಬ್ಯಾಡ್ವಾ? ಆ ಕೆರೆ ಏನು ಓಡೋಗುತ್ತಾ?" ಎಂದು ಹೆಂಡತಿ ರೇಗಿದಳು. ಮೂರು ವಾರ ಹಿಡಿಯಿತು. ಒಂದು ಗೆರೆಯೂ ಅಲುಗಿರಲಿಲ್ಲ. ಇನ್ನೂ ಸತ್ತಿಲ್ಲ ಕಣಯ್ಯಾ ಮೇಷ್ಟ್ರು ಎಂದು ನನಗೆ ನಾನೇ ಹೇಳಿಕೊಂಡೆ.

ತುಮಕೂರಿಗೆ ಒಯ್ದು ಕೊಟ್ಟೆ. ಶಿಷ್ಯೆ ಒಂದೊಂದೇ ಹಾಳೆ ತಿರುವಿದಳು. ಮುಖ ಸಣ್ಣದಾಯಿತು.

"ಚೆನ್ನಾಗವೆ ಸಾರ್. ಆದ್ರೆ ಇದಲ್ಲ. ನಿಮ್ಗೆ ಫೋನ್ ಮಾಡೋಕ್ ಮುಂಚೆ ಒಂದ್ ಮದ್ವೆ ಮನೇಲಿ ನೀವು ಮುಯ್ಯಿ ಕವರ್ ಮೇಲೆ ಹೆಸ್ರು ಬರೀತಿದ್ರಲ್ಲ, ಪಕ್ಕದಲ್ಲೇ ಇದ್ದೆ. ಆ ನಡುಗೋ ಗೆರೆ ಬೇಕಿತ್ತು. ಆ ಮುದುಕ್ನಿಗೆ ಲೋಕವೇ ಹಂಗೆ ಕಾಣೋದು."

ಸಿಟ್ಟು ನೆತ್ತಿಗೇರಿತು. "ಕೈ ನೆಟ್ಟಗಿದ್ದಿದ್ರೆ ನನ್ನ ಕರೀತಿದ್ಯೇನಮ್ಮ?"

ಅವಳ ಕಣ್ಣಲ್ಲಿ ನೀರಾಡಿತು. "ಇಲ್ಲ ಸಾರ್" ಅಂದಳು.

ಸುಳ್ಳು ಹೇಳಿದ್ದರೆ ಎದ್ದು ಬಂದುಬಿಡುತ್ತಿದ್ದೆನೋ ಏನೋ. ಅಲ್ಲೇ ಕೂತು, ಕೈಯನ್ನು ಅದರ ಪಾಡಿಗೆ ಬಿಟ್ಟು ಐದು ಹಾಳೆ ಬರೆದೆ. ಗೆರೆ ಎತ್ತೆತ್ತಲೋ ಹೋಯಿತು. ಕಣ್ಣೆತ್ತಿ ನೋಡಲು ಮುಜುಗರ. ಅವಳು ಐದನ್ನೂ ಜೋಡಿಸಿ ಪಟಪಟ ತಿರುವಿದಳು. ಅಯ್ಯೋ ದೇವರೇ, ನೀರು ಅಲುಗಿತು! ನನ್ನ ನಲವತ್ತು ಹಾಳೆಗಳ ಕೆರೆಯಲ್ಲಿ ಒಂದು ಹನಿಯೂ ಅಲುಗಿರಲಿಲ್ಲ.

ಅವತ್ತೇ ಬೆಳಿಗ್ಗೆ, ಅವಳಲ್ಲಿಗೆ ಹೋಗುವ ಮುಂಚೆ, ಇನ್ನೂ ಹಾಳೆ ಬರೆಯಲು ಹೇಳಿದರೆ ಕೈ ನೆಟ್ಟಗಿರಲಿ ಎಂದು, ತುಮಕೂರಿನ ಡಾಕ್ಟರೊಬ್ಬರ ಹತ್ತಿರ ಮಾತ್ರೆ ಬರೆಸಿಕೊಂಡಿದ್ದೆ. ವಾರದಲ್ಲಿ ನಡುಕ ಇಳಿಯುತ್ತದೆ ಎಂದಿದ್ದರು. ಸಂಜೆ ಹೆಂಡತಿ ಒಂದು ಮಾತ್ರೆಯನ್ನು ಅಂಗೈಗೆ ಹಾಕಿ ನೀರು ತಂದಿಟ್ಟಳು.

"ನುಂಗ್ರೀ, ಏನ್ ನೋಡ್ತಾ ಕೂತಿದೀರ?"

ಮಾತ್ರೆಯನ್ನು ಎಡಗೈಯಲ್ಲೇ ಹಿಡಿದು ಬಲಗೈಯಲ್ಲಿ ಲೋಟ ಎತ್ತಿದೆ; ಆ ಐದು ಹಾಳೆಗಳ ಕೆರೆಯ ಹಾಗೆ ನೀರು ಅಲುಗಿತು.